ಹಳೇ ಲ್ಯಾಪ್‌ಟಾಪಿಗೆ ಅತ್ತೆಯ ಕನ್ನಡ

ಮೊಣಕಾಲಿನ ಚಿಕಿತ್ಸೆಗೆಂದು ನಮ್ಮತ್ತೆ ವಿಜಯಪುರದಿಂದ ಮುಂಬೈಯ ಗೋರೆಗಾಂವ್‌ನ ನಮ್ಮ ಮನೆಗೆ ಬಂದಾಗ ಮೊಣಕಾಲಿನ ಕಾಳಜಿಯನ್ನು ಹೆಂಡತಿ ವಹಿಸಿಕೊಂಡಳು. ನನ್ನ ಕಾಳಜಿ ಬೇರೆಯೇ ಇತ್ತು. ಅತ್ತೆ ನನ್ನ ಜೊತೆ ಮಾತಾಡುತ್ತಿರಲಿಲ್ಲ.

ಸಿಟ್ಟೇನೂ ಇಲ್ಲ, ಮರ್ಯಾದೆ. ಅವರ ಕಡೆ ಅಳಿಯನಿಗೆ ಏನು ಹೇಳಬೇಕಾದರೂ ಮಗಳಿಗೆ ಹೇಳುವುದು ರೂಢಿ. ನಾನು ಎದುರಿಗೇ ಊಟಕ್ಕೆ ಕೂತಿದ್ದರೂ “ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳವಾ” ಅನ್ನುತ್ತಿದ್ದರು. ನಾನು ಹೆಂಡತಿಯ ಕಡೆ ತಿರುಗಿ “ಸಾಕಂತ ಹೇಳು” ಅನ್ನುತ್ತಿದ್ದೆ. ಅವಳು ಯಾರಿಗೂ ಏನೂ ಹೇಳದೆ ತಾನೇ ಆ ರೊಟ್ಟಿ ತಿನ್ನುತ್ತಿದ್ದಳು. ಆದರೆ ಬೆಳಿಗ್ಗೆ ಅವಳು ಬಾಂದ್ರಾದ ಆಫೀಸಿಗೆ ಹೊರಟರೆ ಮನೆಯಲ್ಲಿ ಉಳಿಯುವವರು ನಾವಿಬ್ಬರೇ. ನನ್ನ ಕೆಲಸ ಮನೆಯಿಂದಲೇ. ಮಧ್ಯಾಹ್ನ ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಬಳೆ ಸದ್ದು ಮಾಡುತ್ತಿದ್ದರು. ಊಟ ಆಗಿದೆ ಎಂದು ಅದರ ಅರ್ಥ.

ಅತ್ತೆ ಪ್ರಾಥಮಿಕ ಶಾಲೆಯ ಮಾಸ್ತರಿಣಿಯಾಗಿ ನಿವೃತ್ತರಾದವರು. ಅವರ ಜೊತೆ ಕೆಲಸ ಮಾಡಿದ ಗೆಳತಿಯರದೊಂದು ಗುಂಪಿದೆ. ಭಾನುವಾರ ಮಧ್ಯಾಹ್ನ ಎಲ್ಲರೂ ವೀಡಿಯೊ ಕಾಲ್‌ನಲ್ಲಿ ಸೇರಿ ಬೀಸುಕಲ್ಲಿನ ಪದ ಹಾಡುತ್ತಾರೆ. ಅತ್ತೆ ಫೋನಿನಲ್ಲಿ ನೋಡುತ್ತಿದ್ದರು. ಒಂದು ಭಾನುವಾರ ಫೋನನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಕಡೆಗೆ ಮಗಳಿಗೆ ಹೇಳಿದರು, “ಎಲ್ಲಾರ ಮಾರಿನೂ ಹುಣಸಿಬೀಜದಷ್ಟ ಕಾಣ್ತಾವಲ್ಲ. ಯಾರು ಹಾಡಾಕತ್ಯಾರ, ಯಾರು ಆಕಳಸಾಕತ್ಯಾರ ತಿಳೀವಲ್ದು.”

ಹೆಂಡತಿಗೆ ಕಪಾಟಿನ ಮೇಲಿನ ತನ್ನ ಹಳೇ ಲ್ಯಾಪ್‌ಟಾಪ್ ನೆನಪಾಯಿತು. ಇಳಿಸಿ ಧೂಳು ಒರೆಸಿದಳು. ಅದರ ಬ್ಯಾಟರಿ ಯಾವತ್ತೋ ಸತ್ತಿತ್ತು. ಪ್ಲಗ್ಗು ಹಾಕಿದರಷ್ಟೇ ಜೀವ. ಮುಚ್ಚಳದ ಒಂದು ತಿರುಗಣಿ ಸಡಿಲ. ಆನ್ ಮಾಡಿ, ಚಹಾ ಮಾಡಿಕೊಂಡು ಬಂದು ಕುಡಿದು ಮುಗಿಸುವ ಹೊತ್ತಿಗೆ ಪರದೆ ಬಂತು. ವೀಡಿಯೊ ಕಾಲ್ ತೆರೆಯಲು ಹೋದರೆ, ನಿಮ್ಮ ಸಿಸ್ಟಮ್ ತುಂಬ ಹಳೆಯದು, ಇದರಲ್ಲಿ ನಡೆಯುವುದಿಲ್ಲ ಎಂಬ ಸಂದೇಶ. ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಮುಚ್ಚಳ ಎತ್ತಿ ನೋಡಿ, ಮುಚ್ಚಿ, “ಸಾಬ್, ಇಸ್‌ಕೋ ಅಬ್ ಆರಾಮ್ ಕರ್ನೇ ದೋ” ಅಂದ. ಪಾಪ, ಇದನ್ನಿನ್ನು ಮಲಗಲು ಬಿಡಿ ಅನ್ನುವ ಹಾಗೆ ಅದರ ಬೆನ್ನು ತಟ್ಟಿದ.

ಆ ತಟ್ಟಿದ್ದು ನನಗೆ ಚುಚ್ಚಿತು. ಹಳೇ ಯಂತ್ರಗಳಿಗೂ ಒಗ್ಗುವ, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇದೆಯೆಂದು ಆಫೀಸಿನವರು ಮಾತಾಡುವುದನ್ನು ಕೇಳಿದ್ದೆ. ಅದನ್ನು ನನ್ನ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದೆ. ಹಳೆಯದರಲ್ಲಿದ್ದ ಫೋಟೊಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟೆ. ಹೆಂಡತಿಗೆ ಶನಿವಾರವೂ ಆಫೀಸು, ನನಗೆ ರಜೆ. ಶನಿವಾರ ಬೆಳಿಗ್ಗೆ ಹಾಲ್‌ನ ಮೇಜಿನ ಮೇಲೆ ಕೆಲಸಕ್ಕೆ ಕೂತೆ.

ಎಲ್ಲ ಸಲೀಸಾಗಿ ನಡೆಯಿತು. ಇಂಗ್ಲಿಷ್ ಆರಿಸಿದೆ, ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಹಾಕು ಎಂಬ ಗುಂಡಿ ಒತ್ತಿದೆ. ಪರದೆಯ ಕೆಳಗೊಂದು ಪಟ್ಟಿ ನಿಧಾನವಾಗಿ ಬಲಕ್ಕೆ ತೆವಳತೊಡಗಿತು. ಅರ್ಧ ದಾಟಿರಬೇಕು, ಬಾಗಿಲು ಬಡಿದರು. ಬಿಲ್ಡಿಂಗ್‌ನ ಸೆಕ್ರೆಟರಿ, ಟ್ಯಾಂಕ್ ತೊಳೆಯುವ ವಿಷಯ. ಅವರ ಮಾತು ಟ್ಯಾಂಕಿನಿಂದ ಪಾರ್ಕಿಂಗಿಗೆ, ಪಾರ್ಕಿಂಗಿನಿಂದ ಪಾರಿವಾಳಗಳಿಗೆ ಹೋಯಿತು. ಮುಗಿಸಿ ಒಳಗೆ ಬಂದರೆ ಲ್ಯಾಪ್‌ಟಾಪ್ ಕಪ್ಪಗೆ ಕೂತಿದೆ. ಪಕ್ಕದಲ್ಲಿ ಅತ್ತೆ.

“ಯಾರೂ ಇರ್ಲಿಲ್ಲ. ಸ್ವಿಚ್ಚು ಹಂಗ ಹತ್ತಿತ್ತು,” ಅಂದರು. “ಆರಿಸಿದ್ನಿರಿ.”

ಶಾಲೆ ಬಿಟ್ಟ ಮೇಲೆ ಒಂದೊಂದು ಕೋಣೆಗೂ ಹೋಗಿ ಸ್ವಿಚ್ಚು ಆರಿಸಿ ಬರುತ್ತಿದ್ದ ಕೈ ಅದು. ನಮ್ಮ ಮನೆಯಲ್ಲೂ ಫ್ಯಾನು, ದೀಪ, ಗೀಸರು ಯಾವುದನ್ನೂ ಬಿಟ್ಟಿರಲಿಲ್ಲ. ಸ್ವಿಚ್ಚು ಹಾಕಿ, ಪೆನ್‌ಡ್ರೈವ್ ಕಿತ್ತು, ಲ್ಯಾಪ್‌ಟಾಪ್ ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಇದರಲ್ಲಿ ಯಾವ ಸಿಸ್ಟಮ್ಮೂ ಇಲ್ಲ. ಹಳೆಯದು ಅಳಿಸಿಹೋಗಿತ್ತು, ಹೊಸದು ಬಂದಿರಲಿಲ್ಲ. ಬಾಯಲ್ಲಿ ಹೇಳದಿದ್ದದ್ದು ನನ್ನ ಮುಖದಲ್ಲಿ ಬಂದಿರಬೇಕು. ತಿರುಗಿ ನೋಡಿದರೆ ಅತ್ತೆ ಇಲ್ಲ.

ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಎಲೆ ಕಸದಲ್ಲಿ ಬೀಳುತ್ತಿತ್ತು, ದಂಟು ಬುಟ್ಟಿಯಲ್ಲಿ.

“ಅತ್ತಿ, ಏನೂ ಆಗಿಲ್ರಿ.”

ಅವರು ಮೆಂತ್ಯಕ್ಕೆ ಹೇಳಿದರು, “ಮಗಳು ದುಡದು ತಗೊಂಡಿದ್ದು. ನಾ ಬಂದು ಹಾಳು ಮಾಡಿದೆ.”

ಇಂಥ ಹೊತ್ತಿಗೆ ನಡುವೆ ಮಾತು ದಾಟಿಸಲು ಹೆಂಡತಿ ಇರಬೇಕಿತ್ತು. ಅವಳು ಬಾಂದ್ರಾದಲ್ಲಿದ್ದಳು. ಏನು ಹೇಳಿದರೆ ಈ ಮಾಸ್ತರಿಣಿಗೆ ತಿಳಿದೀತು ಎಂದು ಯೋಚಿಸಿದೆ.

“ಹಾಳಾಗಿಲ್ರಿ. ಪಾಟಿ ಒರೆಸೀವಿ, ಅಷ್ಟ. ಬರಿಯೋದು ಬಾಕಿ ಅದ.”

ಅವರ ಕೈ ನಿಂತಿತು. “ಮತ್ತ ಬರೀಲಿಕ್ಕೆ ಬರ್ತದೇನ್ರಿ?”

“ಬರ್ತದ. ಆದ್ರ ನೀವ್ ಬಂದು ಬಾಜೂಕ ಕೂಡಬೇಕು. ಸ್ವಿಚ್ ಕಾಯಾಕ ಯಾರರೆ ಬೇಕಲ್ರಿ.”

ಅವರು ನಕ್ಕರು, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು. ಕೈ ತೊಳೆದು, ಕುರ್ಚಿಯನ್ನು ಸ್ವಿಚ್‌ಬೋರ್ಡಿಗೇ ಒತ್ತಿ ಹಾಕಿಕೊಂಡು ಕೂತರು.

ಮತ್ತೆ ಪೆನ್‌ಡ್ರೈವ್ ಹಾಕಿದೆ. ಯಾವ ಭಾಷೆ ಎಂದು ಕೇಳುವ ಉದ್ದದ ಪಟ್ಟಿ ಬಂತು. ಇಂಗ್ಲಿಷ್ ಒತ್ತಲು ಹೋದೆ. ಅತ್ತೆಯ ಬೆರಳು ಪರದೆಗೆ ತಾಗಿತು. “ಕನ್ನಡ ಅದ ಅಲ್ರಿ!”

ಇತ್ತು, ನಿಜ. ನನಗೆ ಅಳುಕು. ನಾನು ಹುಟ್ಟಿದ್ದು ಮಾಟುಂಗದ ಒಂದು ಚಾಳ್‌ನಲ್ಲಿ, ಅಂದರೆ ಸಾಲುಮನೆಗಳ ವಠಾರದಲ್ಲಿ. ಧಾರವಾಡದಿಂದ ಬಂದ ಅಪ್ಪ ಕನ್ನಡ ಶಾಲೆಗೆ ಹಾಕಿದ್ದರು, ನಾಲ್ಕನೆಯ ಇಯತ್ತೆ ಆದ ಮೇಲೆ ಇಂಗ್ಲಿಷ್ ಶಾಲೆಗೆ ಬದಲಿಸಿದರು. ಮಾತಾಡಲು ಅಡ್ಡಿಯಿಲ್ಲ. ಓದಲು ಕೂತರೆ ಆಗೆಲ್ಲ ಸ್ಲೋ ಲೋಕಲ್ ರೈಲಿನ ಹಾಗೆ ಪ್ರತಿ ಅಕ್ಷರಕ್ಕೂ ನಿಲ್ಲುತ್ತಿದ್ದೆ.

“ನಂಗ ಓದಾಕ ಅಷ್ಟು ಬರಂಗಿಲ್ರಿ,” ಅಂದೆ.

“ನಾ ಓದ್ತೀನಿ. ನೀವು ಒತ್ರಿ.”

ಹಾಗೆ ಶುರುವಾಯಿತು. ಅತ್ತೆ ತರಗತಿಯ ದನಿಯಲ್ಲಿ ಓದುವುದು, ನಾನು ಒತ್ತುವುದು. “ಮುಂದುವರೆ. ಹೂಂ, ಮುಂದುವರೀರಿ.” ನಕಾಶೆ ಬಂತು, ಭಾರತದ ಮೇಲೆ ಒತ್ತಿದರೆ ಕೋಲ್ಕತಾ ಅಂತ ತೋರಿಸಿತು. ಅತ್ತೆ ಗಾಬರಿಯಾದರು. “ನಾವು ಮುಂಬೈನಾಗ ಅದೀವಿ. ಇದಕ್ಕ ಊರ ಗೊತ್ತಿಲ್ಲೇನ್ರಿ?” ದೇಶಕ್ಕೆಲ್ಲ ಒಂದೇ ಗಡಿಯಾರ, ಅದಕ್ಕೆ ಕೋಲ್ಕತಾದ ಹೆಸರಿಟ್ಟಿದ್ದಾರೆ ಎಂದು ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. “ಮಧ್ಯದಾಗ ಇರೂದು ಬಿಟ್ಟು ಮೂಲ್ಯಾಗಿನ ಊರು ಹಿಡದಾರ,” ಅಂದರು.

ಆಮೇಲೆ ಬಂದದ್ದು ‘ಗುಪ್ತಪದ’. ಅತ್ತೆ ಅದನ್ನು ಎರಡು ಸಲ ಓದಿದರು. ಅವರ ಸೀಮೆಯಲ್ಲಿ ಪದ ಅಂದರೆ ಹಾಡು.

“ಯಾರಿಗೂ ಕೇಳಸಧಂಗ ಹಾಡಬೇಕೇನ್ರಿ?”

ನಾನು ಎಷ್ಟು ನಕ್ಕೆನೆಂದರೆ ಸಡಿಲ ಮುಚ್ಚಳ ಅಲುಗಾಡಿತು. ಪಾಸ್‌ವರ್ಡ್ ರೀ ಅಂದೆ. ಅವರೂ ನಕ್ಕು, ಹಾಗಾದರೆ ಹಾಡೇ ಇರಲಿ ಎಂದು ತಮ್ಮೊಂದು ಬೀಸುಕಲ್ಲಿನ ಪದದ ಮೊದಲ ಶಬ್ದವನ್ನು ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಮನೆಯಲ್ಲಿ ಮೂರನೆಯವರು ಇರಲೇ ಇಲ್ಲ.

ಪಟ್ಟಿ ತೆವಳತೊಡಗಿತು. ಈ ಸಲ ಅತ್ತೆ ಕಣ್ಣು ಕದಲಿಸಲಿಲ್ಲ. ನಡುವೆ ಸೆಕ್ರೆಟರಿ ಮತ್ತೆ ಬಂದು ಬಾಗಿಲು ಬಡಿದರು. “ನೀವು ಹೋಗ್ರಿ, ನಾ ಇಲ್ಲೇ ಅದೀನಿ” ಎಂದು ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿಟ್ಟುಕೊಂಡರು. ನಾನು ಮರಳಿದಾಗಲೂ ಕೈ ಅಲ್ಲೇ ಇತ್ತು. ಕೊನೆಗೆ ಪರದೆ ಒಮ್ಮೆ ಕಪ್ಪಾಗಿ, ನಮ್ಮಿಬ್ಬರ ಉಸಿರು ಹಿಡಿಸಿ, ನೀಲಿಯಾಗಿ ತೆರೆದುಕೊಂಡಿತು. ಚಹಾ ಇಡುವಷ್ಟೂ ಹೊತ್ತು ಬೇಕಾಗಲಿಲ್ಲ.

“ಬರೀತು ನೋಡ್ರಿ!” ಅಂದರು ಅತ್ತೆ.

ಮಧ್ಯಾಹ್ನವೆಲ್ಲ ನಾವು ಹೊಸ ಮನೆಗೆ ಬಂದವರ ಹಾಗೆ ಒಂದೊಂದೇ ಬಾಗಿಲು ತೆರೆದು ನೋಡಿದೆವು. ಕಡತ ಅಂದರೆ ಫೈಲು ಎಂದು ಅವರಿಗೆ ಕೂಡಲೇ ತಿಳಿಯಿತು. ಪಗಾರದ ತಂಟೆಗೆ ಶಿಕ್ಷಣ ಇಲಾಖೆಯ ಕಚೇರಿಗೆ ಅಲೆದವರಿಗೆ ಆ ಶಬ್ದ ಹೊಸದಲ್ಲ. ‘ಸ್ಥಗಿತಗೊಳಿಸು’ ಎಂಬುದನ್ನು ನಾನು ‘ಸ್ತಗಿತ’ ಎಂದು ಓದಿದೆ. “ಥ, ಥ. ಹೊಟ್ಟಿಯಿಂದ ಬರಬೇಕು,” ಎಂದು ಮೂರು ಸಲ ಹೇಳಿಸಿದರು. ಕೆಲವು ಕಡೆ ಕನ್ನಡ ಅರ್ಧಕ್ಕೇ ನಿಂತು ಇಂಗ್ಲಿಷ್ ಶುರುವಾಗುತ್ತಿತ್ತು. ಅಲ್ಲಿ ಅವರು ಸುಮ್ಮನಾಗುತ್ತಿದ್ದರು, ನಾನು ಓದುತ್ತಿದ್ದೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಹೊಲಿದುಕೊಂಡ ಆ ಪರದೆ ನನಗೆ ನಮ್ಮ ಬಿಲ್ಡಿಂಗ್‌ನ ಮಂದಿಯ ಮಾತಿನ ಹಾಗೇ ಕಂಡಿತು.

ಸಂಜೆ ಹೆಂಡತಿ ತನ್ನ ಕೀಲಿಯಿಂದ ಬಾಗಿಲು ತೆರೆದು ಬಂದಳು. ಲೋಕಲ್‌ನ ನೂಕುನುಗ್ಗಲಲ್ಲಿ ಕೂದಲೆಲ್ಲ ಕೆದರಿತ್ತು. ನಾವು ನೋಡಲಿಲ್ಲ.

“ಅದಲ್ರೀ, ಅದರ ಕೆಳಗ. ಕಸದಬುಟ್ಟಿ ಅಂತ ಅದಲ್ಲ, ಅದನ್ನ ಒತ್ತಬ್ಯಾಡ್ರಿ ಅಂದ್ನಿ!” ಎಂದು ಅವಳ ತಾಯಿ ನನ್ನನ್ನು ಗದರಿಸುತ್ತಿದ್ದರು.

ಹೆಂಡತಿ ಚೀಲ ಕೆಳಗಿಡದೆ ನಿಂತಿದ್ದಳು. “ಏನಿದು? ಯಾವಾಗಿಂದ ಇದು?” ಅಂದಳು. ಅತ್ತೆ ನಾಚಿ ಎದ್ದು ಒಳಗೆ ಹೋದರು. ಐದು ನಿಮಿಷಕ್ಕೆ ಚಹಾ ತಂದರು, ಮಗಳ ಕಪ್ಪನ್ನು ಮೇಜಿನ ಮೇಲಿಟ್ಟು, ನನ್ನ ಕಪ್ಪನ್ನು ನನ್ನ ಕೈಗೇ ಕೊಟ್ಟು, “ಸಕ್ಕರಿ ನೋಡ್ರಿ, ಸಾಕೇನು” ಅಂದರು.

ಮರುದಿನ ಭಾನುವಾರ. ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಪರದೆಯಲ್ಲಿ ಕಾಣಿಸಿಕೊಂಡರು. ಈಗ ಮುಖಗಳು ಅಂಗೈಯಷ್ಟು. ಅತ್ತೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದರು. ಯಾರೂ ಉತ್ತರ ಕೊಡಲಿಲ್ಲ. ದನಿ ಹೋಗುತ್ತಿರಲಿಲ್ಲ. ನಾನು ಮುಂದೆ ಬಾಗುವುದರೊಳಗೆ ಅವರೇ ಮೌಸು ಹಿಡಿದು ‘ಧ್ವನಿ’ ಎಂಬುದನ್ನು ಹುಡುಕಿ, ಒಳಗೆ ಹೋಗಿ, ಮುಚ್ಚಿದ್ದ ಮೈಕನ್ನು ತೆರೆದರು. ಆ ಕಡೆಯಿಂದ ಒಮ್ಮೆಲೇ ಗದ್ದಲ.

ಹಾಡು ಶುರುವಾಯಿತು. ನೆಟ್‌ವರ್ಕಿನ ದೆಸೆಯಿಂದ ಒಬ್ಬರು ಒಂದು ನುಡಿ ಮುಂದೆ, ಇನ್ನೊಬ್ಬರು ಎರಡು ನುಡಿ ಹಿಂದೆ. ಒಬ್ಬರು ಮುಗಿಸಿ ನೀರು ಕುಡಿಯುವಾಗ ಮತ್ತೊಬ್ಬರು ಇನ್ನೂ ಬೀಸುತ್ತಿದ್ದರು. ಯಾರಿಗೂ ಅದರ ಪರಿವೆ ಇರಲಿಲ್ಲ. ನಾನು ಬದಿಯಲ್ಲಿ ಕ್ಯಾಮೆರಾಕ್ಕೆ ಬೀಳದ ಹಾಗೆ ನಿಂತಿದ್ದೆ. “ಇಷ್ಟು ಚಂದ ಕಾಣಾಕತ್ತಿಯಲ್ಲ, ಯಾರು ಮಾಡಿಕೊಟ್ರು?” ಎಂದು ಸಿಂದಗಿಯ ಗೆಳತಿ ಕೇಳಿದರು. ಅತ್ತೆ ನನ್ನ ತೋಳು ಹಿಡಿದು ಎದುರಿಗೆ ಎಳೆದರು.

“ನಮ್ಮ ಅಳಿಯಾರು. ಕನ್ನಡ ಭಾಳ ಚಂದ ಓದ್ತಾರ,” ಅಂದರು. ಒಂದು ಕ್ಷಣ ತಡೆದು, ಮಾಸ್ತರಿಣಿಯಾಗಿ ಸುಳ್ಳು ಹೇಳಲಾಗದೆ, “ಸ್ವಲ್ಪ ತಡ ಆಗ್ತದ, ಅಷ್ಟ,” ಎಂದು ಸೇರಿಸಿದರು.

ಸಿಂದಗಿಯವರ ಮನೆಯಲ್ಲೂ ಅಟ್ಟದ ಮೇಲೆ ಒಂದು ಹಳೇ ಲ್ಯಾಪ್‌ಟಾಪ್ ಇತ್ತಂತೆ. ಪೆನ್‌ಡ್ರೈವನ್ನು ಅಂಚೆಯಲ್ಲಿ ಕಳಿಸಿದೆವು. ಅದು ತಲುಪಿದ ಭಾನುವಾರ ಆ ಗೆಳತಿ ಫೋನನ್ನು ತಮ್ಮ ಪರದೆಗೆ ತಿರುಗಿಸಿ ಹಿಡಿದು ಒಂದೊಂದೇ ಸಾಲು ಓದುತ್ತ ಹೋದರು. ಹೇಳಿಕೊಡಲು ನಾನು ಕುರ್ಚಿ ಎಳೆದುಕೊಂಡು ಕೂತೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಹೂಂ, ಮುಂದುವರೀರಿ. ಕೋಲ್ಕತಾ ಅಂತ ಬರ್ತದ, ಅಂಜಬ್ಯಾಡ್ರಿ,” ಅನ್ನುತ್ತಿದ್ದರು. ಸ್ವಲ್ಪ ಹೊತ್ತು ನೋಡಿ, ನಾನು ಎದ್ದು ಅಡುಗೆಮನೆಗೆ ಹೋಗಿ ಹೆಂಡತಿಯ ಜೊತೆ ಬಟಾಣಿ ಸುಲಿಯುತ್ತ ಕೂತೆ. ಹಾಲ್‌ನಿಂದ ಪಾಠ ಕೇಳಿಸುತ್ತಲೇ ಇತ್ತು.