ಒಂದು ವ್ಯಾಟಿನ ಪೆಟ್ಟಿಗೆಗೆ ನಾಲ್ಕು ವ್ಯಾಟು

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮ ಕೆಲಸ ಕೆಡಲು ಶುರುವಾಯಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಸ್ವಲ್ಪ ಮುಂಚೆಯಷ್ಟೇ ಗೋಡೆಯ ಗಡಿಯಾರ ನೋಡಿದ್ದೆ. ಎರ್ಲಾಂಗೆನ್ನಿನಲ್ಲಿ ಒಂಟಿ ಗಂಡಸಿಗೆ ಭಾನುವಾರ ಮಧ್ಯಾಹ್ನ ಇರುವ ಮುಖ್ಯ ಕೆಲಸವೇ ಅದು. ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಬೀದಿಯಲ್ಲಿ ಒಂದು ಸೈಕಲ್ ಹೋದರೆ ಅದರ ಚೈನಿನ ಸದ್ದು ಮೇಲಿನ ಮಹಡಿಗೂ ಕೇಳುತ್ತದೆ.

ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಐದು ವರ್ಷದ ಮಟ್ಟಿಗೆ ಜರ್ಮನಿ ಕರೆಸಿಕೊಳ್ಳುತ್ತಿದ್ದ ಕಾಲ ಅದು. ನಾನು ಗದಗಿನವನು. ಎರಡು ಬೀದಿ ಆಚೆಗಿದ್ದ ಸಲೀಮ ವಿಜಾಪುರದವನು. ವಾರವಿಡೀ ಆಫೀಸಿನಲ್ಲಿ ‘ಮಾರ್ಗೆನ್’ ಎಂಬ ಒಂದು ಶಬ್ದದಲ್ಲಿ ದಿನ ಶುರುವಾಗಿ ‘ಚೂಸ್’ ಎಂಬ ಇನ್ನೊಂದರಲ್ಲಿ ಮುಗಿಯುತ್ತಿತ್ತು. ಊರಿಗೆ ಫೋನು ಮಾಡಿದರೆ ‘ಊಟ ಆತೇನು’ ಎಂಬುದನ್ನು ದಾಟಿ ಮಾತು ಮುಂದೆ ಹೋಗುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಗುರುತಿನವರ ಮಾತಲ್ಲ, ಯಾರದಾದರೂ ಮಾತು. ಅದಕ್ಕೇ ಹಳೆಯ ಸಾಮಾನಿನ ಸಂತೆಯಲ್ಲಿ ಒಂದು ಸಿ.ಬಿ. ರೇಡಿಯೊ ಕೊಂಡೆವು. ಲಾರಿ ಚಾಲಕರು ದಾರಿಯಲ್ಲಿ ಪರಸ್ಪರ ಮಾತಾಡಲು ಬಳಸುವ ಸಾಧನ ಅದು. ಗುಂಡಿ ಒತ್ತಿದರೆ ನಾವು ಮಾತಾಡಬೇಕು, ಬಿಟ್ಟರೆ ಆ ಕಡೆಯವರದು ಕೇಳುತ್ತದೆ. ನಮ್ಮದಕ್ಕೆ ನಾಲ್ಕು ವ್ಯಾಟ್ ಶಕ್ತಿ. ಊರಿನ ಅಂಚಿಗೆ ಹೋಗುವಷ್ಟರಲ್ಲಿ ನಮ್ಮ ದನಿ ಸುಸ್ತಾಗುತ್ತಿತ್ತು.

ಹಾಗಾಗಿ ಮುಂದಿನ ಸಂತೆಯಲ್ಲಿ ಲಿನಿಯರ್ ಆಂಪ್ಲಿಫೈಯರ್ ಎಂಬ ಪೆಟ್ಟಿಗೆಯೂ ಬಂತು. ರೇಡಿಯೊಕ್ಕೂ ಆಂಟೆನಾಕ್ಕೂ ನಡುವೆ ಕೂತು, ಬಂದದ್ದನ್ನು ಹಲವು ಪಟ್ಟು ಮಾಡಿ ದಾಟಿಸುವುದು ಅದರ ಕಸುಬು. ಇದನ್ನು ಜೋಡಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ಕಾಯುತ್ತಿದ್ದ ಇಬ್ಬರು ಸಭ್ಯರು ಇಷ್ಟರ ಮಟ್ಟಿಗೆ ಕೆಟ್ಟಿದ್ದೆವು. ಮಾರಿದ ಮುದುಕ ಒಂದೇ ಬೆರಳು ಎತ್ತಿ ತೋರಿಸಿ, “ಒಂದು ವ್ಯಾಟ್. ಹೆಚ್ಚಿಗೆ ಬೇಡ,” ಎಂದಿದ್ದ. ಪೆಟ್ಟಿಗೆಯ ಮೇಲೂ ಅದೇ ಬರೆದಿತ್ತು. ಒಳಗೆ ಒಂದು ವ್ಯಾಟಿಗಿಂತ ಹೆಚ್ಚು ಹೋದರೆ ಮಾತು ಒಡೆಯುತ್ತದೆ, ಮಿಕ್ಕಿದ್ದು ಶಾಖವಾಗುತ್ತದೆ. ರೇಡಿಯೊದ ಶಕ್ತಿಯನ್ನೇ ತಗ್ಗಿಸಬೇಕು, ಇಲ್ಲವೇ ನಡುವೆ ರೆಸಿಸ್ಟರುಗಳ ಒಂದು ಡಬ್ಬಿ ಇಟ್ಟು ಮುಕ್ಕಾಲು ಪಾಲನ್ನು ಅಲ್ಲೇ ಕಳೆಯಬೇಕು. ಇದು ಇಂಜಿನಿಯರಿಂಗಿನ ಪಾಠ. ಕಾಲೇಜಿನಲ್ಲಿ ಕಿರಿಯರಿಗೆ ನಾನೇ ಹೇಳಿಕೊಟ್ಟಿದ್ದೆ. ಆದರೆ ದೂರದವರಿಗೆ ಕೇಳಲೆಂದು ಕೂಗಲು ಹೊರಟವನು ಮೊದಲು ತನ್ನ ದನಿಯ ಮುಕ್ಕಾಲನ್ನು ಎಸೆಯಬೇಕು ಎಂದರೆ ಮನಸ್ಸು ಒಪ್ಪುವುದಿಲ್ಲ.

“ಲೇ ಪಕ್ಯಾ, ಒಂದು ವ್ಯಾಟ್ ಅಂತ ಬರದಾರ. ನಮ್ಮದು ನಾಕು ಒಗೀತದ,” ಎಂದ ಸಲೀಮ.

“ಬಸ್ಸಿನ್ಯಾಗ ನಲವತ್ತೆರಡು ಮಂದಿ ಅಂತ ಬರದಿರ್ತಾರ. ನೀ ನಲವತ್ಮೂರನೇದವ ಅಂತ ಯಾವತ್ತರ ಇಳದೀಯೇನು?”

“ಎಲ್ಲಿ ಇಳೀತೀನಿ, ಬಾಗಲಾಗ ಜೋತಬಿದ್ದೀನಿ.”

“ಮತ್ತ? ಹಾಕು.”

ನಮ್ಮ ಕಡೆ ಬರೆದ ಸಂಖ್ಯೆ ಎಂದರೆ ಒಂದು ವಿನಯ. ತಯಾರಿಸಿದವನು ನಮ್ಮನ್ನು ಮೊದಲೇ ಊಹಿಸಿಕೊಂಡು ಕಡಿಮೆ ಬರೆದಿರುತ್ತಾನೆ, ನಾವು ಅವನ ಊಹೆಯನ್ನು ನಿಜ ಮಾಡುತ್ತೇವೆ. ಜರ್ಮನಿಯ ಲಿಫ್ಟಿನಲ್ಲಿ ನಾಲ್ವರು ಎಂದು ಬರೆದಿದ್ದರೆ ಐದನೆಯವನು, ಎಷ್ಟೇ ಸಣಕಲನಾಗಿರಲಿ, ಹೊರಗೆ ನಿಂತು ಮುಗುಳ್ನಗುತ್ತಾನೆ. ಅದನ್ನು ದಿನಾ ಆಫೀಸಿನಲ್ಲಿ ನೋಡಿಯೂ ನಾನು ಕಲಿತಿರಲಿಲ್ಲ.

ಸಲೀಮ ಗುಂಡಿ ಒತ್ತಿದ. “ಹಲೋ, ಹಲೋ, ವಿಜಾಪುರದ ಸಲೀಮ ಮಾತಾಡ್ಲಿಕತ್ತೀನಿ. ಕನ್ನಡದವರು ಯಾರರ ಅದೀರೇನು?” ಪೆಟ್ಟಿಗೆಯ ಮೀಟರಿನ ಮುಳ್ಳು ಕೆಂಪು ಗೆರೆಯನ್ನು ದಾಟಿ ಕೊನೆಗೆ ಹೋಗಿ ಅಲ್ಲೇ ನಿಂತಿತು. ನಮ್ಮ ದನಿ ಅಷ್ಟು ದೂರ ಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಗಲೇ ಮೂಗಿಗೆ ವಾಸನೆ ಬಡಿಯಿತು. ಸುಟ್ಟ ವಾರ್ನಿಶ್ ವಾಸನೆ, ನನಗೆ ಚೆನ್ನಾಗಿ ಗೊತ್ತಿರುವಂಥದ್ದು. ನಾನು ಬಾಯಿ ಬಿಡಲಿಲ್ಲ. ಮುಳ್ಳನ್ನೇ ನೋಡುತ್ತ ನಿಂತೆ. ಇಪ್ಪತ್ತು ಸೆಕೆಂಡು ಇದ್ದೀತು. ಪೆಟ್ಟಿಗೆಯ ಸಂದಿಯಿಂದ ಹೊಗೆ ಬಂತು, ಹಿಂದೆಯೇ ಬೆಂಕಿ. ಅಡಿಯ ಮೇಜಿನ ಬಟ್ಟೆ ಹತ್ತಿಕೊಂಡಿತು. ಮೇಲೆ ಎರಡು ಮೊಳದಲ್ಲಿ ಮಾಡಿನ ಮರದ ತೊಲೆಗಳು. ಕೆಳಗೆ ಮನೆಯೊಡತಿ ಫ್ರಾವ್ ಕ್ರೌಸ್, ಎಂಬತ್ತರ ಮುದುಕಿ, ಕಿವಿಯ ಯಂತ್ರ ತೆಗೆದಿಟ್ಟು ಮಧ್ಯಾಹ್ನದ ನಿದ್ದೆಯಲ್ಲಿ. ಸಲೀಮ ಪ್ಲಗ್ಗು ಕಿತ್ತ, ನನ್ನ ಹಾಸಿಗೆಯ ಕಂಬಳಿ ಎಳೆದು ಬೆಂಕಿಯ ಮೇಲೆ ಹೊದಿಸಿ ಬಲಗೈಯಿಂದ ಅದುಮಿ ಹಿಡಿದ. ಆರುವ ತನಕ ಕೈ ತೆಗೆಯಲಿಲ್ಲ.

ನಾನು ಏನು ಮಾಡಿದೆ? ನೋಡಿದೆ.

ಸಲೀಮನ ಓಡಾಟಕ್ಕೆ ನೆಲ ಅದುರಿದ್ದರಿಂದ ಎಚ್ಚೆತ್ತು ಮೇಲೆ ಬಂದ ಮುದುಕಿ ಅವನ ಸುಟ್ಟ ಕೈಯನ್ನು ನಲ್ಲಿಯ ತಣ್ಣೀರಿನ ಕೆಳಗೆ ಹಿಡಿದಳು. ಆಮೇಲೆ ಟ್ಯಾಕ್ಸಿ ಕರೆಸಿದಳು. ಸೋಮವಾರ ಮೆಟ್ಟಿಲಲ್ಲಿ ಸಿಕ್ಕಾಗ, “ಹೆರ್ ಪ್ರಕಾಶ್, ಭಾನುವಾರ ಮಧ್ಯಾಹ್ನ ಅಷ್ಟು ಜೋರಾಗಿ ಓಡಾಡಬಾರದು,” ಎಂದಳು. ಬೆಂಕಿಯ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವೈದ್ಯರು, “ಬೆರಳುಗಳು ಮಡಚಿಕೊಳ್ಳುತ್ತವೋ ಇಲ್ಲವೋ, ಮೂರು ವಾರ ನೋಡೋಣ,” ಎಂದರು. ಬಲಗೈ. ಅವನ ಅನ್ನ ಇದ್ದದ್ದು ಕೀಬೋರ್ಡಿನ ಮೇಲೆ. ನಾನು ದಿನಾ ಹೋಗಿ ಅವನಿಗೆ ಅನ್ನ ಸಾರು ಮಾಡಿಟ್ಟೆ, ಅವನ ಪತ್ರಗಳನ್ನು ಟೈಪು ಮಾಡಿದೆ, ಷರ್ಟಿನ ಗುಂಡಿ ಹಾಕಿದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ. ಮಲಗಿದರೆ ಆ ಇಪ್ಪತ್ತು ಸೆಕೆಂಡು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಒಂದು ಸಲ ತೊಲೆಗೆ ಬೆಂಕಿ ತಗಲುತ್ತಿತ್ತು, ಇನ್ನೊಂದು ಸಲ ಮೆಟ್ಟಿಲಿಗೆ. ಮನಸ್ಸೂ ಒಂದು ಆಂಪ್ಲಿಫೈಯರೇ. ಎಷ್ಟು ವ್ಯಾಟ್ ತಡೆಯುತ್ತದೆ ಎಂದು ಅದರ ಮೇಲೆ ಯಾರೂ ಬರೆದಿಲ್ಲ, ಅದು ಎಷ್ಟು ಕೊಟ್ಟರೂ ತೆಗೆದುಕೊಂಡು ದೊಡ್ಡದು ಮಾಡುತ್ತಲೇ ಇರುತ್ತದೆ.

ಮೂರನೆಯ ವಾರದ ಗುರುವಾರ, ಬ್ಯಾಂಡೇಜು ಬಿಚ್ಚುವ ದಿನ, ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ತಡೆಯಲಾಗಲಿಲ್ಲ. ಫಲಿತಾಂಶ ತಿಳಿದ ಮೇಲೆ ಹೇಳಿದರೆ ಅದು ವ್ಯಾಪಾರವಾಗುತ್ತದೆ ಎನಿಸಿತು.

“ಸಲೀಮ, ವಾಸನಿ ನನಗ ಮೊದಲ ಬಂದಿತ್ತು. ಗೊತ್ತಿದ್ದೂ ನಿನಗ ಹೇಳಲಿಲ್ಲ.”

ಅವನು ನನ್ನ ಕಡೆ ತಿರುಗದೆ ಎದುರಿನ ಗೋಡೆ ನೋಡುತ್ತಿದ್ದ. “ನಿನಗೊಬ್ಬಾವಗ ಮೂಗು ಐತೇನು? ನನಗೂ ಬಂದಿತ್ತು.”

“ಮತ್ತ್ಯಾಕ ಗುಂಡಿ ಬಿಡಲಿಲ್ಲ?”

“ಬಿಟ್ಟಿದ್ರ ಆ ಕಡಿಂದ ಯಾರೂ ಮಾತಾಡೂದಿಲ್ಲ ಅಂತ ಗೊತ್ತಾಗ್ತಿತ್ತು. ಒತ್ತಿ ಹಿಡಿದಷ್ಟು ಹೊತ್ತು ಯಾರೋ ಕೇಳಲಿಕತ್ತಾರ ಅಂತನ ಲೆಕ್ಕ.”

ಅಷ್ಟರಲ್ಲಿ ನರ್ಸ್ ಅವನ ಹೆಸರು ಕೂಗಿದಳು. ಹೆಸರನ್ನು ಪೂರ್ತಿ ತಪ್ಪಾಗಿಯೇ ಕೂಗಿದಳು, ಅವನು ಎದ್ದು ಹೋದ. ನಾನು ಒಬ್ಬನೇ ಕೂತಿದ್ದೆ. ಹೊರಗೆ ಬಂದವನು ನನ್ನ ಮುಖದ ಎದುರು ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಕಿರುಬೆರಳು ಸ್ವಲ್ಪ ಹಟ ಮಾಡಿತು. ಉಳಿದ ನಾಲ್ಕೂ ಅವನ ಮಾತು ಕೇಳಿದವು.

“ಸಾಕಲ್ಲ? ಅದು ಬರೇ ಎಂಟರ್ ಒತ್ತೂದು,” ಎಂದ. ನನಗೆ ನಗು ಬರಲಿಲ್ಲ, ಅಳುವೇ ಬಂತು. ಅವನು ನೋಡಲಿಲ್ಲ ಎಂಬಂತೆ ಬಸ್ಸಿನ ವೇಳಾಪಟ್ಟಿ ಓದುತ್ತ ನಿಂತ.

ಆ ಸಂಜೆ ನನ್ನ ಕೋಣೆಯಲ್ಲಿ ಉಂಡವನು ಸೋಫಾದ ಮೇಲೆ ಒರಗಿದ. ‘ಐದು ನಿಮಿಷ’ ಎಂದವನು ಗೊರಕೆ ಶುರು ಮಾಡಿದ. ಅದು ಸಣ್ಣ ಗೊರಕೆಯಲ್ಲ. ದೀಪ ಆರಿಸಿ ನಾನೂ ಮಲಗಿದೆ, ಈ ಸದ್ದಿನಲ್ಲಿ ಇವತ್ತೂ ನಿದ್ದೆ ಬಂದಂತೆಯೇ ಎಂದುಕೊಂಡೆ. ಕಣ್ಣು ಬಿಟ್ಟಾಗ ಶುಕ್ರವಾರ ಬೆಳಗಿನ ಒಂಬತ್ತು ದಾಟಿತ್ತು, ಕೋಣೆ ತುಂಬ ಬಿಸಿಲು. ಇಬ್ಬರ ಆಫೀಸೂ ಶುರುವಾಗಿ ಗಂಟೆಯಾಗಿತ್ತು. ಅವನ ಗೊರಕೆ ಇನ್ನೂ ನಿಂತಿರಲಿಲ್ಲ. ಅವನನ್ನು ಎಬ್ಬಿಸಬೇಕೆಂದು ಎದ್ದು ಕೂತೆ. ಕೂತವನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮತ್ತೆ ಮಗ್ಗಲು ಬದಲಿಸಿದೆ.