ಹೋಗದ ಫ್ಯೂಸು

ಆ ಬೀದಿಯಲ್ಲಿ ಯಾರನ್ನಾದರೂ ತಡೆದು ವೈರಿಂಗ್ ಮಾಡುವವನ ಮನೆ ಎಲ್ಲಿ ಎಂದು ಕೇಳಿದರೆ, "ಯಾರು, ಗ್ಯಾರಂಟಿನಾ?" ಎಂದು ತಿರುಗಿ ಕೇಳುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಂತಿತ್ತು. ಮೂವತ್ತು ವರ್ಷದಿಂದ ಏಣಿ ಇಳಿದು, ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು, "ಇನ್ನು ಯೋಚನೆ ಬೇಡ, ಗ್ಯಾರಂಟಿ" ಎನ್ನದೆ ಅವನು ಯಾವ ಮನೆಯಿಂದಲೂ ಹೊರಟವನಲ್ಲ. ಅದರಲ್ಲೂ ಅವನು ಕಟ್ಟಿದ ಫ್ಯೂಸಿನ ಮೇಲೆ ಜನರಿಗೆ ವಿಪರೀತ ನಂಬಿಕೆ. ಬೇರೆಯವರು ಕಟ್ಟಿದ್ದು ವಾರಕ್ಕೊಮ್ಮೆ ಹೋಗುತ್ತಿತ್ತು, ಗ್ಯಾರಂಟಿ ಕಟ್ಟಿದ್ದು ಹೋಗುತ್ತಲೇ ಇರಲಿಲ್ಲ. ಇದನ್ನು ಕೇಳಿದಾಗಲೆಲ್ಲ ಅವನು ಮೀಸೆಯ ಮೇಲೆ ಕೈಯಾಡಿಸಿಕೊಳ್ಳುತ್ತಿದ್ದ. ಹೊಗಳಿದರೆ ಉಬ್ಬದವರು ಯಾರಿದ್ದಾರೆ, ಹೇಳಿ.

ಹೋಗದಿರುವುದರ ಗುಟ್ಟು ಅವನೊಬ್ಬನಿಗೇ ಗೊತ್ತು. ಮೀಟರ್ ಬೋರ್ಡಿನ ಪಿಂಗಾಣಿ ಫ್ಯೂಸಿನಲ್ಲಿ ಸಣ್ಣ ಫ್ಯೂಸ್ ವೈರು, ಒಂದೇ ಒಂದು ಎಳೆ ಇರಬೇಕು. ಮೊದಮೊದಲು ಅವನೂ ಹಾಗೆಯೇ ಕಟ್ಟುತ್ತಿದ್ದ. ಆಮೇಲೆ ಮನೆಮನೆಗೂ ಇಸ್ತ್ರಿಪೆಟ್ಟಿಗೆ ಬಂತು, ನೀರು ಕಾಯಿಸುವ ಕಾಯಿಲ್ ಬಂತು. ಗೋಡೆಯೊಳಗಿನ ವೈರು ಮಾತ್ರ ಅದೇ ಹಳೆಯದು. ಫ್ಯೂಸ್ ಹೋಗತೊಡಗಿತು, ಜನ ಬೈಯತೊಡಗಿದರು. "ಬೆಳಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೇ ಹೋಯ್ತಲ್ಲಯ್ಯಾ, ಇದೂ ಒಂದು ಕೆಲಸಾನಾ?" ಎಂಬ ಮಾತನ್ನು ಎಷ್ಟು ದಿನ ನುಂಗಿಕೊಂಡಾನು? ಒಂದು ದಿನ ತಾಮ್ರದ ವೈರನ್ನು ಸುಲಿದು, ಐದು ಎಳೆ ಹೊಸೆದು ಕಟ್ಟಿಬಿಟ್ಟ. ಫ್ಯೂಸ್ ಹೋಗಲಿಲ್ಲ. ಬೈಗುಳ ನಿಂತಿತು, ಹೆಸರು ಬಂತು. ಒಳಗೆಲ್ಲೋ ಅಳುಕು ಇರಲಿಲ್ಲವೆಂದಲ್ಲ. ವರ್ಷಗಳು ಕಳೆದರೂ ಏನೂ ಆಗದಿದ್ದಾಗ ಆ ಅಳುಕೂ ಸತ್ತುಹೋಯಿತು.

ಒಂದು ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಇಸ್ತ್ರಿ ಕಾರ್ಖಾನೆಗೆ ಬೆಂಕಿ ಬಿತ್ತು.

ಕಾರ್ಖಾನೆಯೆಂದರೆ ದೊಡ್ಡದೇನಲ್ಲ, ಎರಡು ಕೋಣೆ. ಹೋಟೆಲುಗಳ ಚಾದರ, ದಿಂಬಿನ ಚೀಲ ರಾಶಿಗಟ್ಟಲೆ ಬಂದು ಬೀಳುತ್ತಿದ್ದವು. ಎರಡು ಇಸ್ತ್ರಿಪೆಟ್ಟಿಗೆಗೆಂದು ಎಳೆದ ವೈರಿನ ಮೇಲೆ ಯಜಮಾನ ಆರು ಪೆಟ್ಟಿಗೆ ಓಡಿಸುತ್ತಿದ್ದ. ಅಂದು ಆರೂ ಒಟ್ಟಿಗೆ ಕಾದಿದ್ದವು. ಗೋಡೆಯ ವೈರು ಕಾದು, ಮೇಲಿನ ಪ್ಲಾಸ್ಟಿಕ್ ಕರಗಿ, ಉರಿಯುತ್ತ ಚಾದರಗಳ ಮೇಲೆ ತೊಟ್ಟಿಕ್ಕಿತು. ಅಲ್ಲಿ ಇಸ್ತ್ರಿ ಹಾಕುತ್ತಿದ್ದ ಆರು ಜನರಲ್ಲಿ ಗ್ಯಾರಂಟಿಯ ತಂಗಿಯೂ ಒಬ್ಬಳು. ಉಳಿದ ಐವರು ಹೊರಗೆ ಓಡಿದರು. ಇವಳು ಬಟ್ಟೆ ಉಳಿಸಲು ಹೋಗಿ ಎರಡೂ ಕೈ ಸುಟ್ಟುಕೊಂಡಳು.

ಗ್ಯಾರಂಟಿ ಬರುವಷ್ಟರಲ್ಲಿ ತಂಗಿಯನ್ನು ಆಸ್ಪತ್ರೆಗೆ ಸಾಗಿಸಿದ್ದರು. ಮಸಿ ಹಿಡಿದ ಬೋರ್ಡಿನಿಂದ ಅವನು ಫ್ಯೂಸನ್ನು ಎಳೆದ. ಐದು ಎಳೆಯೂ ಹಾಗೇ ಇದ್ದವು. ಒಂದೂ ತುಂಡಾಗಿರಲಿಲ್ಲ. ಯಜಮಾನ ಅವನ ಬೆನ್ನು ತಟ್ಟಿ ಹೇಳಿದ: "ಎಲ್ಲಾ ಸುಟ್ಟು ಬೂದಿ ಆಯ್ತು, ನಿನ್ನ ಫ್ಯೂಸ್ ಮಾತ್ರ ಅಲ್ಲಾಡಿಲ್ಲ ನೋಡು!"

ಗ್ಯಾರಂಟಿ ಆ ಎಳೆಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಆಸ್ಪತ್ರೆಗೆ ನಡೆದ.

ತಂಗಿಯ ಕೈಗಳಿಗೆ ಮೊಣಕೈವರೆಗೂ ಬ್ಯಾಂಡೇಜು ಸುತ್ತಿದ್ದರು. ಅವನು ಚಮಚದಲ್ಲಿ ಹಾಲು ಕುಡಿಸುತ್ತಿದ್ದಾಗ ಅವಳು ಮೆಲ್ಲಗೆ ಹೇಳಿದಳು: "ಅಣ್ಣಾ, ನೀನು ಕಟ್ಟಿದ ಫ್ಯೂಸ್ ಗಟ್ಟಿ ಇದ್ದಿದ್ದಕ್ಕೆ ಇಷ್ಟರಲ್ಲೇ ಮುಗೀತಂತೆ. ಯಜಮಾನ್ರು ಹೇಳಿ ಕಳ್ಸಿದ್ರು."

ಚಮಚದ ಹಾಲು ಅವಳ ಗಲ್ಲದ ಮೇಲೆ ಚೆಲ್ಲಿತು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಡಿ ಎನ್ನಿ, ಅವನು ಬೇಡವೆನ್ನುವುದಿಲ್ಲ.

ಅಂದಿನಿಂದ ಗ್ಯಾರಂಟಿಗೆ ಕೂತಲ್ಲಿ ನಿಂತಲ್ಲಿ ಒಂದೇ ಚಿಂತೆ. ಇಂಥ ಫ್ಯೂಸು ಇನ್ನೆಷ್ಟು ಮನೆಯಲ್ಲಿವೆ? ಯಾವ ಗೋಡೆ ಈ ಗಳಿಗೆಯಲ್ಲಿ ಕಾಯುತ್ತಿದೆ? ನೆನಪಾದ ಮನೆಗಳಿಗೆಲ್ಲ ಓಡಿದ. "ಸುಮ್ನೆ ಒಂದ್ಸಲ ನೋಡ್ತೀನಿ" ಎಂದು ಫ್ಯೂಸ್ ಎಳೆದು, ಸಣ್ಣ ಎಳೆ ಕಟ್ಟಿ ಬಂದ. ಮಾರನೆಯ ದಿನವೇ ಅಲ್ಲೆಲ್ಲ ಫ್ಯೂಸ್ ಹೋಯಿತು. ಬೀದಿಯ ತುಂಬ ಗುಲ್ಲು. "ಪಾಪ, ತಂಗಿಗೆ ಹಾಗಾದ ಮೇಲೆ ಇವನಿಗೆ ತಲೆ ಸರಿಯಿಲ್ಲ" ಎಂದು ಮಾತಾಡಿಕೊಂಡರು. ಅದೇ ಬೀದಿಯ ಟೈಲರ್ ಅವನನ್ನು ಬಾಗಿಲಲ್ಲೇ ತಡೆದ.

"ಚೆನ್ನಾಗಿರೋದನ್ನ ಯಾಕಯ್ಯಾ ಕೀಳ್ತೀಯಾ?"

"ದಮ್ಮಯ್ಯಾ, ಒಂದೇ ನಿಮಿಷ..."

"ಹತ್ತು ವರ್ಷದಿಂದ ಹೋಗಿಲ್ಲ ಅದು. ಮುಟ್ಟಿದ್ರೆ ನೋಡು!"

ನಿಜ ಹೇಳಿದ್ದರೆ ಟೈಲರ್ ದಾರಿ ಬಿಡುತ್ತಿದ್ದ. ಆದರೆ ನಿಜ ಬಾಯಿಂದ ಹೊರಬಿದ್ದರೆ ಸಂಜೆಯೊಳಗೆ ತಂಗಿಯ ಮಂಚದವರೆಗೂ ಹೋಗುತ್ತಿತ್ತು. ಗ್ಯಾರಂಟಿ ಹಿಂತಿರುಗಿದ. ಆರು ದಿನದಲ್ಲಿ ಬದಲಾಯಿಸಲು ಆದದ್ದು ಒಂಬತ್ತು ಮನೆ. ನೆನಪಾಗದ ಮನೆಗಳು ಎಷ್ಟೋ. ಬೀದಿಯಲ್ಲಿ ಯಾರಾದರೂ ಜೋರಾಗಿ ಕೂಗಿದರೂ ಅವನು ಬಾಗಿಲಿಗೆ ಓಡುತ್ತಿದ್ದ.

ತಂಗಿಯ ಮನೆಯ ಹೊಸ್ತಿಲನ್ನು ಮಾತ್ರ ಅವನು ತುಳಿದಿರಲಿಲ್ಲ. ಅಲ್ಲಿ ತಂಗಿಯ ಅತ್ತೆ ಮತ್ತು ತಂಗಿಯ ಮಗಳು, ಇಬ್ಬರೇ. ಹತ್ತು ವರ್ಷದ ಆ ಹುಡುಗಿ ಬಾಯಿ ತೆರೆದರೆ ಮುಚ್ಚುವವಳಲ್ಲ. ಅದಕ್ಕೇ ಚಿನಕುರಳಿ ಎಂದು ಅವನೇ ಅಡ್ಡಹೆಸರಿಟ್ಟಿದ್ದ. ಬೆಂಕಿ ಬಿದ್ದ ದಿನದಿಂದ ಅವಳು ಮಾತು ಬಿಟ್ಟಿದ್ದಾಳೆಂದು ಕೇಳಿದ್ದ. ಆ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಏಳನೆಯ ದಿನ ಚಿನಕುರಳಿಯ ಟೀಚರೇ ಅವನನ್ನು ಹುಡುಕಿಕೊಂಡು ಬಂದರು.

"ಮಕ್ಕಳು ಹೆದರಿಬಿಟ್ಟಿದಾರೆ. ಫ್ಯಾನ್ ಸ್ವಿಚ್ ಮುಟ್ಟೋಕೂ ಒಲ್ಲೆ ಅಂತಾರೆ. ಫ್ಯೂಸ್ ಅಂದ್ರೇನು, ಅದು ನಮ್ಮನ್ನ ಹೇಗೆ ಕಾಯುತ್ತೆ, ನೀವೇ ಬಂದು ಹೇಳ್ತೀರಾ?"

ನಾನೇ ಸಿಕ್ಕೆನಾ ಇವರಿಗೆ ಎನ್ನಿಸಿತು. ಒಲ್ಲೆ ಎನ್ನಲು ಬಾಯಿ ತೆರೆದವನು ಅಲ್ಲೇ ನಿಂತ. ಒಂದೊಂದು ಮಗು ಎಂದರೆ ಒಂದೊಂದು ಮನೆ. ಅವನನ್ನು ಒಳಗೆ ಬಿಡದ ಮನೆಗಳಿಗೆಲ್ಲ ಈ ಮಕ್ಕಳು ದಿನವೂ ಹೋಗುತ್ತಾರೆ. "ಬರ್ತೀನಿ" ಎಂದ.

ಮರುದಿನ ಹನ್ನೆರಡು ಗಂಟೆಗೆ ತರಗತಿಯಲ್ಲಿ ಟೀಚರ ಮೇಜಿನ ಮೇಲೆ ನಾಲ್ಕು ಟಾರ್ಚ್ ಸೆಲ್ಲು, ಸಣ್ಣ ತಂತಿ, ಪಾತ್ರೆ ತಿಕ್ಕುವ ಉಕ್ಕಿನ ನಾರು, ಒಂದು ಮೇಣದಬತ್ತಿ ಹರಡಿಕೊಂಡ. ಚಿನಕುರಳಿ ಕಿಟಕಿಯ ಪಕ್ಕ ಕೂತಿದ್ದಳು. ಅತ್ತ ನೋಡದೆ ಮಾತು ಶುರುಮಾಡಿದ.

"ನೋಡ್ರಪ್ಪಾ, ಕರೆಂಟು ತಂತಿಯೊಳಗೆ ಓಡುತ್ತೆ. ಸ್ವಲ್ಪ ಓಡಿದ್ರೆ ತಂತಿಗೆ ಏನೂ ಆಗಲ್ಲ. ಜಾಸ್ತಿ ಓಡಿದ್ರೆ ತಂತಿ ಕಾಯುತ್ತೆ. ಗೋಡೆಯೊಳಗೆ ತಂತಿ ಕಾಯ್ತಿದ್ರೆ ನಮಗೆ ಕಾಣುತ್ತಾ?"

"ಇಲ್ಲಾ!" ಎಂದರು ಮಕ್ಕಳು.

"ಕಾಣಲ್ಲ. ಅದಕ್ಕೇ ದಾರಿ ಮಧ್ಯೆ ಎಲ್ಲಕ್ಕಿಂತ ಬಡಪಾಯಿ ತಂತಿ ಒಂದನ್ನ ಬೇಕಂತಲೇ ಇಡ್ತೀವಿ. ಅದೇ ಫ್ಯೂಸು. ಕರೆಂಟು ಮಿತಿ ಮೀರಿದ್ರೆ ಮೊದಲು ಕಾಯೋದು ಅದು, ಕರಗಿ ತುಂಡಾಗೋದು ಅದು. ದಾರಿ ತುಂಡಾದ ಮೇಲೆ ಕರೆಂಟು ಮುಂದೆ ಹೋಗೋದು ಹೇಗೆ? ಮನೆ ಕತ್ತಲಾಗುತ್ತೆ, ಅಷ್ಟೇ. ಗೋಡೆ ಉಳಿಯುತ್ತೆ, ನಾವೂ ಉಳೀತೀವಿ."

ಸೆಲ್ಲಿನಿಂದ ಹೊರಟ ತಂತಿಯ ಮೇಲೆ ಮೇಣದ ಹನಿಯೊಂದನ್ನು ಅಂಟಿಸಿದ. ತಂತಿಯ ನಡುವೆ ಉಕ್ಕಿನ ನಾರಿನ ಒಂದೇ ಎಳೆ ಸಿಕ್ಕಿಸಿ ಸೆಲ್ಲಿಗೆ ಮುಟ್ಟಿಸಿದ. ಎಳೆ ಕೆಂಪಗೆ ಮಿನುಗಿ ಪಟ್ಟೆಂದು ಕಡಿಯಿತು. ಮೇಣದ ಹನಿ ಇದ್ದಂತೆಯೇ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ಆಮೇಲೆ ಜೇಬಿನಿಂದ ಆ ಐದು ಎಳೆಯ ತಾಮ್ರದ ಹುರಿಯನ್ನು ತೆಗೆದ. ನಾರಿದ್ದ ಜಾಗಕ್ಕೆ ಅದನ್ನು ಸಿಕ್ಕಿಸಿದ. ಹುರಿಗೆ ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ತಂತಿಯ ಮೇಲಿನ ಮೇಣ ಬೆವರಿ, ಕರಗಿ, ಮೇಜಿನ ಮೇಲೆ ತೊಟ್ಟಿಕ್ಕಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಫ್ಯೂಸ್ ಹೋದ್ರೆ ಬೈಬೇಡಿ. ಹೋಗೋದೇ ಅದರ ಕೆಲಸ. ಹೋಗದೇ ಇದ್ರೆ ಹೆದರಬೇಕು. ಈಗ ಹೇಳಿ, ಯಾರ್‍ಯಾರ ಮನೇಲಿ ಫ್ಯೂಸ್ ಯಾವತ್ತೂ ಹೋಗಿಲ್ಲ? ಕೈ ಎತ್ತಿ."

ಕೈಗಳು ಎದ್ದವು. ಗ್ಯಾರಂಟಿ ಎಣಿಸಿದ. ಹದಿನೇಳು.

ಆಗ ಕಿಟಕಿಯ ಪಕ್ಕದಿಂದ ಧ್ವನಿಯೊಂದು ಬಂತು. ಎಂಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ಮಾಮಾ, ಅಮ್ಮನ ಕಾರ್ಖಾನೇಲಿ ದಪ್ಪ ತಂತಿ ಕಟ್ಟಿದ್ದು ಯಾರು?"

ಟೀಚರ್ ಅವನ ಮುಖ ನೋಡಿದರು. ಸುಳ್ಳು ಹೇಳಲು ದಾರಿಯಿತ್ತು. ಮೂವತ್ತು ವರ್ಷದ ಹೆಸರಿತ್ತು. ಹದಿನೇಳು ಕೈಗಳು ಇನ್ನೂ ಮೇಲೆಯೇ ಇದ್ದವು.

"ನಾನೇ ಕಣಮ್ಮಾ" ಎಂದ. "ಈ ಮನೆಗಳಲ್ಲೂ ನಾನೇ. ನೀವ್ಯಾರೂ ಮೀಟರ್ ಬೋರ್ಡ್ ಮುಟ್ಟಬೇಡಿ. ಮನೆಗೆ ಹೋಗಿ, ಗ್ಯಾರಂಟಿ ತಪ್ಪು ಮಾಡಿದಾನಂತೆ, ಕಾರ್ಖಾನೆ ಸುಟ್ಟಿದ್ದು ಅದರಿಂದಾನೇ ಅಂತೆ, ಅವನನ್ನ ಒಳಗೆ ಬಿಡಿ ಅಂತ ಹೇಳಿ. ಅಷ್ಟು ಹೇಳ್ರಪ್ಪಾ."

ಚಿನಕುರಳಿ ಅವನನ್ನೇ ನೋಡುತ್ತಿದ್ದಳು. ಅತ್ತಿದ್ದರೆ, ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಅವಳು ನಿಧಾನವಾಗಿ ತನ್ನ ಕೈಯನ್ನೂ ಎತ್ತಿದಳು.

"ನಮ್ಮನೇದೂ ಹೋಗಿಲ್ಲ ಮಾಮಾ. ನೀನೇ ಕಟ್ಟಿದ್ದು. ಅಜ್ಜಿ ಸ್ನಾನಕ್ಕೆ ಅಂತ ಈಗ ಕಾಯಿಲ್ ಹಾಕಿರ್ತಾಳೆ."

ಗ್ಯಾರಂಟಿ ಚೀಲ ಕಿತ್ತುಕೊಂಡು ಓಡಿದ. ಐವತ್ತೆಂಟು ವರ್ಷದ ಮಂಡಿಗಳು ಎರಡನೆಯ ತಿರುವಿಗೇ ಕೈಕೊಟ್ಟವು. ಕುಂಟುತ್ತಲೇ ಓಡಿದ. ಊರೆಲ್ಲ ಸುತ್ತಿದೆಯಲ್ಲೋ ಪಾಪಿ, ಈ ಮನೆಗೆ ಬರಲಿಲ್ಲವಲ್ಲೋ, ಒಂದು ಮಗುವಿನ ಮುಖಕ್ಕೆ ಹೆದರಿ ಆ ಮಗುವನ್ನೇ ಸುಡಲು ಹೊರಟೆಯಲ್ಲೋ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಹಿಂದಿನಿಂದ ಚಿನಕುರಳಿಯ ಚಪ್ಪಲಿಯ ಸದ್ದು ಪಟಪಟ ಬರುತ್ತಿತ್ತು.

ಬಾಗಿಲು ತೆರೆದಿತ್ತು. ಪ್ಲಾಸ್ಟಿಕ್ ಕಮರಿದ ವಾಸನೆ ಮೂಗಿಗೆ ಬಡಿಯಿತು. ಮೇನ್ ಸ್ವಿಚ್ ಆರಿಸಿ ಗೋಡೆಗೆ ಅಂಗೈ ಇಟ್ಟ. ಕಾವಲಿಯ ಹಾಗೆ ಸುಡುತ್ತಿತ್ತು. ಆ ಗೋಡೆಗೆ ಒತ್ತಿಕೊಂಡೇ ಮಗುವಿನ ಹಾಸಿಗೆ ಮಡಚಿಟ್ಟಿತ್ತು.

"ಯಾರದು ಕರೆಂಟ್ ತೆಗೆದದ್ದು?" ಬಚ್ಚಲಿನಿಂದ ಅಜ್ಜಿ ಗದರಿದಳು. ಆ ಗದರಿಕೆ ಕೇಳಿ ಅವನಿಗೆ ಜೀವ ಬಂತು. ಎಲ್ಲರೂ ಇದ್ದರು. ಎಲ್ಲರೂ ಇನ್ನೂ ಇದ್ದರು.

ಬೆಂದ ವೈರನ್ನು ಕಿತ್ತು ಹೊಸದು ಎಳೆಯುವಷ್ಟರಲ್ಲಿ ಮೂರು ಗಂಟೆಯಾಯಿತು. ಫ್ಯೂಸಿಗೆ ಒಂದೇ ಎಳೆ ಕಟ್ಟಿ, ಪರೀಕ್ಷೆಗೆಂದು ಕಾಯಿಲ್ ಜೊತೆ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದ. ಬೋರ್ಡಿನೊಳಗೆ ಟಪ್ ಎಂದಿತು. ದೀಪ ಆರಿತು.

"ಈಗ ತಾನೇ ಕಟ್ಟಿದೆ, ಆಗಲೇ ಹೋಯ್ತಾ?" ಎಂದಳು ಅಜ್ಜಿ. "ಏನು ಗ್ಯಾರಂಟಿನಯ್ಯಾ ನೀನು!"

ಅವನು ಬೋರ್ಡಿನ ಕೆಳಗೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ. ಹೊರಗೆ ಬೀದಿಯಲ್ಲಿ ಆಗಲೇ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಬೈಗುಳವೂ ಇತ್ತು, ಕರೆಯೂ ಇತ್ತು. ಟೈಲರನ ದನಿ ಎಲ್ಲಕ್ಕಿಂತ ಮುಂದಿತ್ತು.

ಚಿನಕುರಳಿ ಅವನನ್ನು ಸಮಾಧಾನ ಮಾಡಲಿಲ್ಲ. ಇಕ್ಕಳ, ಟೆಸ್ಟರ್, ಟೇಪು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದಳು. ಟೀಚರ ಮೇಜಿನಿಂದ ಎತ್ತಿಕೊಂಡು ಬಂದಿದ್ದ ತಾಮ್ರದ ಹುರಿಯನ್ನು ಅವನ ಅಂಗೈಯಲ್ಲಿಟ್ಟಳು.

"ಮೊದಲು ಅವರ ಮನೆಗಳಿಗೆ ಹೋಗು ಮಾಮಾ. ಆಮೇಲೆ ಆಸ್ಪತ್ರೆಗೆ ಹೋಗೋಣ" ಎಂದಳು. "ಅಮ್ಮ ನಿನ್ನ ಫ್ಯೂಸಿಂದಾನೇ ಉಳ್ಕೊಂಡೆ ಅಂತ ಎಲ್ಲರ ಹತ್ರನೂ ಹೇಳ್ತಿದಾಳೆ."