ಸತ್ತವರ ಹೆಸರಿನಲ್ಲಿ ತೆರೆದ ಬಾಗಿಲು

ಅದಿರು ಸಾಗಣೆ ಕಂಪನಿಯ ಮಾಲೀಕರೇ, ನಮ್ಮ ಮೇಡಂ ಅವರ ಹೆಸರನ್ನು ಕದ್ದವರು ನಿಮ್ಮ ಕಚೇರಿಯೊಳಗೇ ಇದ್ದರು. ಅವರನ್ನು ಹುಡುಕುವ ಬದಲು ನೀವು ಹೆಸರಿನ ಒಡತಿಯನ್ನೇ ಕಳ್ಳಿ ಎಂದಿರಿ.

ಮೇಡಂ ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಕೆಂಪಾದ ಬೆರಳ ತುದಿಗಳು. ಸಂಡೂರಿನ ದಾರಿಯ ಅದಿರುಧೂಳು, ಕಿಟಕಿ ಮುಚ್ಚಿದರೂ, ಹೊಸಪೇಟೆಯ ಆ ಕಚೇರಿಯೊಳಗೆ ನುಸುಳಿ ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಪಾಸ್‌ವರ್ಡ್ ಒತ್ತಿದ ಮರುಕ್ಷಣವೇ ಮೇಡಂ ಹಳೆಯ ಬಟ್ಟೆಯೊಂದರಿಂದ ಇಡೀ ಕೀಬೋರ್ಡನ್ನು ಒರೆಸುತ್ತಿದ್ದರು. ಒರೆಸಲು ಆಳಿಲ್ಲವೇ ಎಂದು ಮ್ಯಾನೇಜರ್ ಛೇಡಿಸಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು: "ಧೂಳು ಚಾಡಿ ಹೇಳ್ತೈತ್ರಿ. ಯಾವ ಗುಂಡಿ ಮ್ಯಾಲ ಕೆಂಪಿಲ್ಲ ಅದನ್ನ ಒತ್ತೀನಿ ಅಂತ ಊರಿಗೆಲ್ಲ ತೋರಸ್ತೈತಿ."

ಕಾಲೇಜಿನಲ್ಲಿ ನನಗೆ ಕಂಪ್ಯೂಟರ್ ವಿಜ್ಞಾನ ಕಲಿಸಿದವರು ಅವರು. ಗಣಿಯ ಭರಾಟೆಯ ಆ ವರ್ಷಗಳಲ್ಲಿ ಕಂಪನಿ ಅವರನ್ನು ಕರೆಸಿಕೊಂಡಿತು. ಪದವಿ ಮುಗಿಸಿದ ನನ್ನನ್ನು ಅವರು ಸಹಾಯಕಿಯಾಗಿ ಸೇರಿಸಿಕೊಂಡರು. ಒಂದು ದೊಡ್ಡ ಕಂಪ್ಯೂಟರಿನೊಳಗೆ ಗೋಡೆ ಹಾಕಿ, ಹಲವು ಕಂಪ್ಯೂಟರುಗಳೆಂಬಂತೆ ದೂರದಿಂದಲೇ ಬಾಡಿಗೆಗೆ ಕೊಡುವ ಪದ್ಧತಿ ಆಗಷ್ಟೇ ಬಂದಿತ್ತು. ನಮ್ಮದೂ ಅಂಥದೊಂದು ಬಾಡಿಗೆಯ ಯಂತ್ರ. ಗಣಿಯಿಂದ ಹೊರಡುವ ಪ್ರತಿ ಲಾರಿಯ ರವಾನೆ ಚೀಟಿ ಅದರಲ್ಲೇ ಹುಟ್ಟಬೇಕು. ಚೀಟಿಯ ಮೂಲೆಯಲ್ಲಿ 'ಅನುಮೋದಿಸಿದವರು' ಎಂಬಲ್ಲಿ ಮೇಡಂ ಹೆಸರು ಅಚ್ಚಾಗಬೇಕು. ಆ ಪಾಸ್‌ವರ್ಡ್ ಎಂದರೆ ಅವರ ಸಹಿ. ಯಾರ ಕೆಲಸಕ್ಕೆ ಯಾವ ಬಾಗಿಲು ಬೇಕೋ ಅದಷ್ಟನ್ನೇ ತೆರೆದು, ಕೆಲಸ ಬಿಟ್ಟವರ ಬಾಗಿಲನ್ನು ಅದೇ ಸಂಜೆ ಮುಚ್ಚುತ್ತಿದ್ದರು. ನಾನು ಅವರ ಅಚ್ಚುಮೆಚ್ಚಿನ ಶಿಷ್ಯೆ. ಆದರೂ ಪಾಸ್‌ವರ್ಡ್ ನನಗೆ ತಿಳಿಸಲಿಲ್ಲ. ನಾನು ಮುನಿಸಿಕೊಂಡಾಗ, ನಾಳೆ ಏನಾದರೂ ತಪ್ಪಿದರೆ ನಿನ್ನ ಮೇಲೆ ಅನುಮಾನವೂ ಬರಬಾರದು, ಅದಕ್ಕೆ ಎಂದಿದ್ದರು.

ನಾವೆಲ್ಲ ಸಾಹುಕಾರರೆಂದು ಕರೆಯುತ್ತಿದ್ದವರು ನೀವೇ. ನಿಮ್ಮ ಕಚೇರಿಯಲ್ಲಿ ಆಯುಧಪೂಜೆಯ ದಿನ ಲಾರಿ, ತಿಜೋರಿ, ಗೋದಾಮು ಎಲ್ಲದರ ಕೀಲಿಗಳನ್ನೂ ಹಿತ್ತಾಳೆ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚುವುದು ರೂಢಿ. ಕಂಪ್ಯೂಟರ್ ಬಂದ ಮೇಲೆ ಅದರ 'ಕೀಲಿ'ಯನ್ನೂ ಚೀಟಿಯಲ್ಲಿ ಬರೆದು ಇಡಬೇಕೆಂದು ನೀವು ಹಟ ಹಿಡಿದಿರಿ. ಮೊದಲ ವರ್ಷ ಮೇಡಂ ನಗುತ್ತಲೇ ತಪ್ಪಿಸಿದರು.

"ದೇವ್ರ ಮುಂದೂ ಗುಟ್ಟೇನು ತಂಗಿ?"

"ದೇವ್ರಿಗೆ ಚೀಟಿ ಯಾಕ್ರಿ ಸಾಹುಕಾರ್ರ, ಅವನಿಗೆ ಗೊತ್ತೈತಿ. ಗೊತ್ತಾಗಬಾರದ್ದು ಪ್ರಸಾದಕ್ಕ ಬಂದವ್ರಿಗೆ."

ಮರುವರ್ಷ ಘಾಟಿಯಲ್ಲಿ ಕಂಪನಿಯ ಲಾರಿಯೊಂದು ಉರುಳಿ ಅದರ ಡ್ರೈವರ್ ಸತ್ತ. ಒಂದು ಕೀಲಿಗೆ ಪೂಜೆ ತಪ್ಪಿದ್ದೇ ಕಾರಣ ಎಂಬ ಗುಸುಗುಸು ಡ್ರೈವರುಗಳಲ್ಲಿ ಹಬ್ಬಿತು. ಆ ಸಲದ ಆಯುಧಪೂಜೆಯ ದಿನ ಮೇಡಂ ಕಂಪ್ಲಿಯ ಆಸ್ಪತ್ರೆಯಲ್ಲಿ, ತಾಯಿಯ ಹಾಸಿಗೆಯ ಪಕ್ಕದಲ್ಲಿದ್ದರು. ನೀವೇ ಫೋನ್ ಮಾಡಿದಿರಿ. ಮೇಡಂ ಆಗದು ಎಂದಾಗ, ನಾಳೆ ಇನ್ನೊಬ್ಬ ಡ್ರೈವರ್ ಸತ್ತರೆ ಅವನ ಹೆಂಡತಿಗೆ ನೀನೇ ಉತ್ತರ ಕೊಡುತ್ತೀಯಾ ಎಂದು ಕೇಳಿದಿರಿ. ಮೇಡಂ ಸೋತರು. ಮಂಗಳಾರತಿಯಾದ ಕೂಡಲೇ ಚೀಟಿ ಸುಡಬೇಕೆಂಬ ಷರತ್ತಿನೊಡನೆ ಪಾಸ್‌ವರ್ಡ್ ಹೇಳಿದರು. ತಟ್ಟೆಯಲ್ಲಿ ಆ ಚೀಟಿ ತೆರೆದೇ ಬಿದ್ದಿದ್ದುದನ್ನು, ಆರತಿಗೆ ನಿಂತವರೆಲ್ಲ ಬಗ್ಗಿ ಬಗ್ಗಿ ಓದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮರುದಿನ ಮೊದಲ ಬಸ್ಸಿಗೇ ಬಂದ ಮೇಡಂ ಪಾಸ್‌ವರ್ಡ್ ಬದಲಿಸಿದರು.

ಅವರಿಗೆ ತಿಳಿಯದಿದ್ದುದು ಒಂದೇ. ವಿಜಯದಶಮಿಗೆ ಸಂಡೂರಿನ ಹೊಸ ಶಾಖೆ ಆರಂಭವಾಗಬೇಕೆಂದು, ಹಿಂದಿನ ಸಂಜೆಯೇ ಮ್ಯಾನೇಜರ್ ಅದೇ ಪಾಸ್‌ವರ್ಡಿನಿಂದ ಒಳಹೊಕ್ಕು ನಮ್ಮ ಯಂತ್ರದ ಇಡಿಯ ನಕಲನ್ನು ಮಾಡಿಸಿದ್ದರು. ಮೂಲಯಂತ್ರದ ಬೀಗ ಬದಲಾಯಿತು. ನಕಲಿನಲ್ಲಿ ಹಳೆಯ ಬೀಗವೇ ಉಳಿಯಿತು.

ಕೆಲವು ವಾರಗಳಲ್ಲಿ, ಅದಿರು ತೂಗುವ ತೂಕಸೇತುವೆಯನ್ನೇ ಹತ್ತದ ಲಾರಿಗಳು ರವಾನೆ ಚೀಟಿ ಹಿಡಿದು ತಪಾಸಣೆಯಲ್ಲಿ ಸಿಕ್ಕಿಬಿದ್ದವು. ಪ್ರತಿ ಚೀಟಿಯ ಮೂಲೆಯಲ್ಲೂ ಮೇಡಂ ಹೆಸರು. ಮೂಲಯಂತ್ರದಲ್ಲಿ ಆ ಚೀಟಿಗಳ ಸುಳಿವೇ ಇರಲಿಲ್ಲ. ಹುಡುಕುತ್ತಾ ಹೋದ ಮೇಡಂ ನಕಲನ್ನು ಪತ್ತೆಹಚ್ಚಿ, ನಿಮ್ಮ ಎದುರು ಪರದೆಯನ್ನು ತಿರುಗಿಸಿ ತೋರಿಸಿದರು. "ಮನೀನ ಅಚ್ಚು ಹೊಡದ್ರ ಬೀಗಾನೂ ಅಚ್ಚು ಬೀಳ್ತೈತ್ರಿ. ಇದರೊಳಗ ಯಾರು ಯಾವಾಗ ಬಂದ್ರು, ಎಲ್ಲಾ ಐತಿ. ಇದನ್ನ ಮುಟ್ಟಬ್ಯಾಡ್ರಿ, ತನಿಖೆಯವ್ರು ನೋಡ್ಲಿ."

ಮರುದಿನ ಹೋದಾಗ ನಕಲು ಇರಲಿಲ್ಲ. ಪೀಡೆ ತೊಲಗಲಿ ಎಂದು ಅಳಿಸಿದೆವು ಎಂದರು ಮ್ಯಾನೇಜರ್. ಕಾಗದದ ಕಡತ ಸುಟ್ಟರೆ ಬೂದಿಯಾದರೂ ಉಳಿಯುತ್ತದೆ. ಇದು ಅದನ್ನೂ ಉಳಿಸಲಿಲ್ಲ. ಬಾಡಿಗೆ ಕೊಟ್ಟವರ ಬಳಿ ಪ್ರವೇಶದ ದಾಖಲೆ ಇರಬಹುದು, ಕೇಳಿ ಎಂದು ಮೇಡಂ ಅಂಗಲಾಚಿದರು. ನೀವು ಕೇಳಲಿಲ್ಲ. ಅವರನ್ನು ವಜಾ ಮಾಡಿದ ನೋಟಿಸನ್ನು ಗೇಟಿಗೆ ಅಂಟಿಸಿದಿರಿ. ಪೂಜೆಯ ದಿನ ಕಂಡದ್ದನ್ನು ನಾನು ನಿಮ್ಮ ವಿಚಾರಣೆಯಲ್ಲಿ ಹೇಳಿದೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ನಾನೂ ಕೆಲಸ ಬಿಟ್ಟೆ.

ಆಮೇಲೆ ಯಾವ ಕಾಲೇಜೂ ಅವರನ್ನು ಕರೆಯಲಿಲ್ಲ. ಕಂಪ್ಲಿಯ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನಾನು ಹೋದಾಗಲೆಲ್ಲ ಮಂಡಕ್ಕಿ ಒಗ್ಗರಣೆ ಕೊಟ್ಟು, ಹೊಸದೇನು ಓದಿದೆ ಎಂದು ಕೇಳುತ್ತಿದ್ದರು. ಕಂಪನಿಯ ಸುದ್ದಿ ಎತ್ತುತ್ತಿರಲಿಲ್ಲ. ಕಾಮಾಲೆ ಅವರನ್ನು ಹಾಸಿಗೆಗೆ ಕೆಡವಿದ ಮೇಲೆ ಒಮ್ಮೆ ಮಾತ್ರ ನನ್ನ ಕೈ ಹಿಡಿದು ಹೇಳಿದರು: "ಅಳಸೀವಿ ಅಂದ್ರಲ್ಲ, ನನಗ ನಂಬಿಕಿ ಇಲ್ಲ. ನನ್ನ ಹೆಸರಿನ್ಯಾಗ ಇನ್ನೂ ಯಾರರ ಒಳಗ ಹೋಗಾಕತ್ತಾರೇನು ನೋಡವಾ."

ನೋಡಿದೆ. ಅವರ ಹದಿಮೂರನೆಯ ದಿನದ ಕಾರ್ಯ ಮುಗಿಸಿ ಬಂದ ವಾರದಲ್ಲಿ, ಸಂಡೂರು ರಸ್ತೆಯ ಚಹಾದಂಗಡಿಯಲ್ಲಿ, ನಿಮ್ಮ ಲಾರಿಯ ಡ್ರೈವರ್ ಒಬ್ಬ ತನ್ನ ರವಾನೆ ಚೀಟಿಯನ್ನು ನನಗೆ ತೋರಿಸಿದ. ಚೀಟಿ ಅಂದಿನದೇ. ಅನುಮೋದಿಸಿದವರು: ನಮ್ಮ ಮೇಡಂ.

ಬದುಕಿದ್ದಾಗ ಅವರ ಮಾತನ್ನು ನೀವು ನಂಬಲಿಲ್ಲ. ಈಗ ಸಹಿ ಮಾಡುತ್ತಿರುವುದು ಅವರಲ್ಲ ಎಂಬುದನ್ನಾದರೂ ನಂಬಲೇಬೇಕು. ಬಾಗಿಲು ಮುಚ್ಚುವುದನ್ನು ನನಗೆ ಕಲಿಸಿದವರ ಬಾಗಿಲನ್ನು ಮುಚ್ಚಿಸುವ ಋಣ ನನ್ನ ಮೇಲಿದೆ. ಆದ್ದರಿಂದ ಬಹಿರಂಗವಾಗಿ ಕೋರುತ್ತೇನೆ: ಉಳಿದಿರುವ ಯಾವ ನಕಲನ್ನೂ ಅಳಿಸದೆ ತನಿಖಾಧಿಕಾರಿಗಳ ವಶಕ್ಕೆ ಕೊಡಿ. ಬಾಡಿಗೆ ಕೊಟ್ಟವರಿಂದ ಪ್ರವೇಶದ ದಾಖಲೆ ತರಿಸಿ, ಆ ಪಾಸ್‌ವರ್ಡ್ ಬಳಸಿದವರು ಯಾರೆಂದು ಲಿಖಿತವಾಗಿ ಉತ್ತರಿಸಿ. ಅವರ ಹೆಸರಿನ ಖಾತೆಯನ್ನು ಇಂದೇ ಮುಚ್ಚಿ. ನೋಟಿಸ್ ಅಂಟಿಸಿದ ಅದೇ ಗೇಟಿನ ಮೇಲೆ, ಅವರು ನಿರಪರಾಧಿ ಎಂದು ಬರೆದು, ನಿಮ್ಮ ಸ್ವಂತ ಹೆಸರಿನಲ್ಲಿ ಸಹಿ ಮಾಡಿ.